ನೀರುಗಂಟಿಯ ಬಿಕ್ಕಳಿಕೆ

ನನಗೀಗ ಒಂಬತ್ತೇ ಕಾಲ್ಬೆರಳು. ಹತ್ತನೆಯದನ್ನು ಆಷಾಢದಲ್ಲಿ ಹಾಸನದ ಆಸ್ಪತ್ರೆಯಲ್ಲಿ ಬಿಟ್ಟುಬಂದೆ. ಸಕ್ಕರೆ ಕಾಯಿಲೆ, ಅದರ ಮೇಲೆ ಮೂವತ್ತು ವರ್ಷದ ಬೀಡಿ. ಎರಡೂ ಸೇರಿ ಕಾಲಿನ ರಕ್ತನಾಳ ಕಟ್ಟಿದೆಯಂತೆ. "ಬೀಡಿ ಬಿಡದಿದ್ದರೆ ಮುಂದಿನ ಸಲ ಪಾದಾನೇ ತೆಗೀಬೇಕಾಗುತ್ತೆ ನಾಗೇಶ್," ಅಂದರು ಡಾಕ್ಟರಮ್ಮ. ನಾನು ಗೊರೂರು ನಾಲೆಯ ನೀರುಗಂಟಿ. ದಿನಾ ಏರಿಯ ಮೇಲೆ ಎಂಟು ಮೈಲಿ ನಡೆದು, ಸರದಿ ಪ್ರಕಾರ ಗದ್ದೆಗಳಿಗೆ ತೂಬು ತೆಗೆದು ಮುಚ್ಚುವವನು. ಪಾದವೇ ಹೋದರೆ ನನಗೆ ಉಳಿಯುವುದೇನು, ಮಣ್ಣು!

ಗಾಯ ಮಾಯ್ದ ಮೇಲೆ ಮತ್ತೆ ತೋರಿಸಲು ಹೋದಾಗ, ಬೀಡಿಯ ಚಟ ಎದ್ದರೆ ಅಗಿಯಲಿಕ್ಕೆ ಅಂತ ನಿಕೋಟಿನ್ ಗಮ್ ಕೊಟ್ಟರು. ಹೇಗೆ ಅಗಿಯಬೇಕು ಅಂತಲೂ ಏನೇನೋ ಹೇಳಿದರು. ಅಗಿಯುವುದನ್ನೂ ನನಗೆ ಹೇಳಿಕೊಡಬೇಕೇ? ಮೀಸೆ ಬರುವ ಮೊದಲೇ ಎಲೆಅಡಿಕೆ ಹಾಕಿದ ಬಾಯಿ ಇದು. ಹೂಂ ಹೂಂ ಅಂದು ಬಸ್ಸು ಹತ್ತಿದೆ.

ಮನೆಗೆ ಬಂದವನೇ ಕಾಫಿ ಕುಡಿದು, ಗಮ್ಮನ್ನು ಎಲೆಅಡಿಕೆಯ ಹಾಗೆ ಕಚಕಚ ಅಗಿದು ರಸ ನುಂಗಿದೆ. ಗಂಟಲು ಉರಿಯಿತು. ಹೊಟ್ಟೆ ತೊಳಸಿತು. ಆಮೇಲೆ ಶುರುವಾಯಿತು ನೋಡಿ ಬಿಕ್ಕಳಿಕೆ, ನಿಲ್ಲುವ ಮಾತೇ ಇಲ್ಲ.

"ಯಾರೋ ನೆನೀತಾವ್ರೆ," ಅಂದಳು ಹೆಂಡತಿ ಲಕ್ಷ್ಮಿದೇವಮ್ಮ. "ಸರ್ಯಾದ ಎಸ್ರು ಏಳುದ್ರೆ ನಿಂತೋಯ್ತದೆ."

ಅವಳೇ ಹೆಸರು ಹೇಳತೊಡಗಿದಳು. ದುದ್ದದ ಚಿಕ್ಕಮ್ಮ, ತನ್ನ ಅಣ್ಣ, ನನ್ನ ಅಕ್ಕ ಸಣ್ಣಕ್ಕ, ಸತ್ತವರನ್ನೂ ಬಿಡಲಿಲ್ಲ. ಮಗಳು ತೇಜಶ್ರೀಯ ಹೆಸರು ಬಂದಾಗ ಒಂದು ಗಳಿಗೆ ನಿಂತಿತು. ಅಷ್ಟೇ ಸಾಕಾಯಿತು ಅವಳಿಗೆ. ಮಗಳಿರುವ ಚನ್ನರಾಯಪಟ್ಟಣಕ್ಕೆ ಫೋನು! "ನಿಮ್ಮಪ್ಪನ್ನ ನೆನುಸ್ಕಂಡ್ಯೇನವ್ವಾ?"

ನಾಲ್ಕು ದಿನ ಇದೇ ಹಾಡು. ಗಮ್ಮು, ಬಿಕ್ಕಳಿಕೆ, ಫೋನು. ರಾತ್ರಿ ನಿದ್ದೆಯಿಲ್ಲ, ದವಡೆ ನೋವು, ಯಾರು ಮಾತಾಡಿಸಿದರೂ ಸಿಟ್ಟು. ನನಗಂತೂ ನನ್ನ ಮೇಲೇ ಬೇಜಾರು ಬಂದುಹೋಗಿತ್ತು. ಐದನೇ ದಿನ ತೂಬಿನ ಹತ್ತಿರ ಕೆಳಗಿನ ಗದ್ದೆಯ ಗಂಗಾಧರಯ್ಯ ನೀರು ಕೇಳಿದರೆ ನನ್ನ ಬಾಯಿಂದ ಬಿಕ್ಕಳಿಕೆ ಬಿಟ್ಟು ಮಾತೇ ಹೊರಡಲಿಲ್ಲ.

"ಏನ್ಲಾ, ಬೆಳಿಗ್ಗೆ ಬೆಳಿಗ್ಗೇನೇ ಆಕ್ಕಂಡಿದ್ದೀಯಾ?" ಅಂದು ನಕ್ಕ.

ಥೂ, ಸಾಕಪ್ಪ ಈ ಬಾಳು ಅನ್ನಿಸಿತು. ಅವನ ಹತ್ತಿರವೇ ಒಂದು ಬೀಡಿ ಇಸಿದುಕೊಂಡು ಸೇದಿದೆ. ಸ್ವಲ್ಪ ಹೊತ್ತಿಗೆ ಬಿಕ್ಕಳಿಕೆ ನಿಂತಿತು. ಸುಳ್ಳು ಹೇಳಬಾರದು, ಸುಖವಾಯಿತು. ಆಮೇಲೆ ಚಪ್ಪಲಿಯೊಳಗಿನ ಒಂಬತ್ತು ಬೆರಳು ಕಂಡವು. ಏರಿಯ ಮೇಲೇ ಕೂತುಬಿಟ್ಟೆ.

ಸಂಜೆ ಮನೆಗೆ ಬಂದರೆ, ಊರಿಂದ ಬಂದಿದ್ದ ತೇಜಶ್ರೀ ಜಗಲಿಯಲ್ಲಿ ಗಮ್ಮಿನ ಡಬ್ಬದೊಳಗಿನ ಚೀಟಿ ಓದುತ್ತಾ ಕೂತಿದ್ದಳು. ಆಸ್ಪತ್ರೆಯ ನರ್ಸಿಗೂ ಫೋನ್ ಮಾಡಿ ಕೇಳಿದ್ದಳಂತೆ.

"ಇದು ಎಲೆಅಡಿಕೆ ಅಲ್ಲ ಕಣಪ್ಪಾ. ಮೆಲ್ಲಗೆ ಅಗಿ. ಖಾರ ಅತ್ತಿದ ತಕ್ಷಣ ನಿಲ್ಸಿ ದವಡೆ ಸಂದೀಲಿ ಇಟ್ಕ. ಖಾರ ಓದ್ಮೇಲೆ ತಿರ್ಗಾ ಅಗಿ. ರಸ ಗಟಗಟ ನುಂಗುದ್ರೆ ಬಿಕ್ಕಳಿಕೆ, ಹೊಟ್ಟೆ ತೊಳ್ಸೋದು ಎಲ್ಲಾ ಬತ್ತದೆ. ಕಾಫಿ ಕುಡಿದ ಕೂಡ್ಲೆ ಆಕಬ್ಯಾಡ."

"ಅಂಗಾರೆ ನೀನು ನೆನುಸ್ಕಂಡಿದ್ದಕ್ಕಲ್ವಾ?" ಅಂದಳು ಅವರವ್ವ, ಪೆಚ್ಚಾಗಿ.

ನನಗೆ ತಡೆಯಲಾಗಲಿಲ್ಲ. "ಇವತ್ತು ಒಂದು ಸೇದ್ಬುಟ್ಟೆ ಕಣವ್ವಾ," ಅಂದೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಚೀಟಿಯನ್ನು ಮಡಿಸಿ ಡಬ್ಬದೊಳಗೆ ಇಟ್ಟಳು.

"ನೆನುಸ್ಕಂಡ್ರೆ ಬಿಕ್ಕಳಿಕೆ ಬರೋ ಅಂಗಿದ್ರೆ, ಆಷಾಢದಿಂದ ನಿಂಗೆ ಒಂದು ಗಳಿಗೇನೂ ನಿಲ್ತಿರ್ಲಿಲ್ಲ ಕಣಪ್ಪಾ," ಅಂದಳು.

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ನಾನು ಒಂದು ಗಮ್ ಬಿಡಿಸಿ ಬಾಯಿಗೆ ಹಾಕಿಕೊಂಡೆ. ನಾಲ್ಕು ಸಲ ಮೆಲ್ಲಗೆ ಅಗಿದೆ. ಖಾರ ಹತ್ತಿತು. ದವಡೆಯ ಸಂದಿಗೆ ತಳ್ಳಿ ಕಾದೆ. ಬಿಕ್ಕಳಿಕೆ ಬರಲಿಲ್ಲ. ಮಗಳು ಎದುರಿಗೇ ಕೂತಿದ್ದಳು, ನನ್ನ ಕಾಲನ್ನೇ ನೋಡುತ್ತಾ.