ಫಿಲ್ಟರ್ ಕಾಗದದ ಮೇಲೆ ಉಳಿದ ಹಸಿರು

‘ಕರಗುವುದಿಲ್ಲ’ ಎಂಬ ಮಾತನ್ನು ಅವರೆದುರು ಆಡಿ ಯಾರೂ ಸುಮ್ಮನೆ ಪಾರಾಗುವಂತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಕತ್ತು ತುಸು ಓರೆ ಮಾಡಿ, “ಯಾವುದ್ರಲ್ಲಿ?” ಎಂದು ಕೇಳಿಯೇ ತೀರುವರು. ನಮ್ಮ ನೀರು ಪರೀಕ್ಷಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ತಾಮ್ರದ ಲವಣಗಳೊಡನೆ ಹೆಣಗಿದ, ಅವಸರವೆಂಬುದನ್ನೇ ಅರಿಯದ ನಡಿಗೆಯ ಅವರನ್ನು ನಾವೆಲ್ಲ ನೀಲಿಯಕ್ಕ ಎನ್ನುತ್ತಿದ್ದೆವು. ಅವರ ಬಿಳಿಯ ಕೋಟಿನ ಬಲತೋಳಿನಲ್ಲಿ ಯಾವ ಸಾಬೂನಿಗೂ ಜಗ್ಗದ ನೀಲಿ ಕಲೆಯೊಂದಿತ್ತು. ಅತ್ತೆಯ ಸಿಟ್ಟು ಏನು ಮಾಡಿದರೂ ಕರಗುತ್ತಿಲ್ಲವೆಂದು ಟೈಪಿಸ್ಟ್ ಗೋಳಾಡಿದಾಗಲೂ ಅವರದು ಅದೇ ಪ್ರಶ್ನೆ. ಆಕೆ ಅಳು ಮರೆತು ನಕ್ಕುಬಿಟ್ಟಳು.

ಕಾರ್ಖಾನೆಯ ಹಿಂದಿನ ಓಣಿಯಿಂದ ಬಾವಿನೀರು ಬಂದ ದಿನ ಮಾತ್ರ ಯಾರೂ ನಗಲಿಲ್ಲ. ಸೀಸೆಯ ತಳದಲ್ಲಿ ಹಸಿರು ಗಸಿ. ನಮ್ಮ ಪದ್ಧತಿಯಂತೆ ನಾನು ನೀರನ್ನು ಫಿಲ್ಟರ್ ಕಾಗದದಲ್ಲಿ ಸೋಸಿ, ಗಸಿ ಸಮೇತ ಕಾಗದವನ್ನು ಬುಟ್ಟಿಗೆಸೆದು, ಕೆಳಗಿಳಿದ ತಿಳಿಯನ್ನಷ್ಟೇ ಪರೀಕ್ಷಿಸಿ, ‘ತಾಮ್ರ ಮಿತಿಯೊಳಗಿದೆ, ಕುಡಿಯಲು ಯೋಗ್ಯ’ ಎಂದು ಬರೆದು ಸಹಿ ಹಾಕಿದ್ದೆ. ಇನ್ನೊಂದು ಸಹಿ ನೀಲಿಯಕ್ಕನದು ಬೇಕಿತ್ತು. ಅವರು ಪೆನ್ನು ಮುಟ್ಟಲಿಲ್ಲ. ಸೀದಾ ಬುಟ್ಟಿಗೆ ಕೈಹಾಕಿದರು.

“ಅದು ಕರಗಲ್ಲ ಮೇಡಂ, ಬಿಡಿ,” ಎಂದರು ಮುಖ್ಯಸ್ಥರು.

“ಯಾವುದ್ರಲ್ಲಿ ಸರ್?”

ಮೂರು ಪ್ರನಾಳಗಳಿಗೆ ಗಸಿ ಹಾಕಿದರು. ನೀರಿನಲ್ಲಿ ಅದು ಕದಲದೆ ಕೂತಿತು. ಸ್ಪಿರಿಟ್ಟಿನಲ್ಲೂ ಅಷ್ಟೇ. ಮೂರನೆಯದಕ್ಕೆ, ನಮ್ಮೆಲ್ಲರ ಹೊಟ್ಟೆಯಲ್ಲಿರುವ ಆಮ್ಲವನ್ನೇ ತೆಳುಮಾಡಿ ಸುರಿದರು. ಬುಸುಬುಸು ನೊರೆಯೆದ್ದು, ಗಸಿಯೆಲ್ಲ ಮಾಯವಾಗಿ, ದ್ರವ ಹಸಿರುನೀಲಿಯಾಯಿತು. ಅದು ತಾಮ್ರದ ಬಣ್ಣ.

“ಸೋಸಿದ ನೀರು ಅಂತಲೇ ನಿಯಮದಲ್ಲಿದೆ,” ಮುಖ್ಯಸ್ಥರು ಗುಡುಗಿದರು. “ನಿವೃತ್ತಿಗೆ ಇನ್ನು ಎಂಟೇ ತಿಂಗಳು ನಿಮಗೆ. ಸುಮ್ನೆ ಸಹಿ ಹಾಕಿ.”

“ಆ ಓಣಿ ಮಕ್ಕಳು ಕಾಗದದಲ್ಲಿ ಸೋಸ್ಕೊಂಡು ಕುಡೀತಾರಾ? ಹಾಕಲ್ಲ ಸರ್. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ.”

ಮಾಡಿಯೇಬಿಟ್ಟರು. ಮರುದಿನವೇ ಅವರನ್ನು ಖಾಲಿ ಸೀಸೆಗಳ ಉಗ್ರಾಣಕ್ಕೆ ದಬ್ಬಿದರು. ಅಷ್ಟರೊಳಗೆ ನೀಲಿಯಕ್ಕ ವರದಿಯ ಮೇಲೆ ‘ಕುಡಿಯಬಾರದು, ಗಸಿ ಹೊಟ್ಟೆಯ ಆಮ್ಲದಲ್ಲಿ ಕರಗುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಮಾಡಿ, ಅದರದೊಂದು ಪ್ರತಿಯನ್ನು ತಾವೇ ಒಯ್ದು ಬಾವಿಕಟ್ಟೆಗೆ ಅಂಟಿಸಿ ಬಂದಿದ್ದರು. ನಾನು ನನ್ನ ಸಹಿ ಹೊಡೆದುಹಾಕಿ, ಅವರದರ ಕೆಳಗೆ ಮತ್ತೆ ಹಾಕಿದೆ.

ಇಂಥವರ ಜೊತೆ ಕೆಲಸ ಮಾಡುವುದು ಸುಖವಲ್ಲ. ನಾವು ಸೋಸಿ ಎಸೆದು ಕೈತೊಳೆದುಕೊಂಡದ್ದನ್ನು ಎತ್ತಿ ತಂದು ನಮ್ಮ ಕಣ್ಣೆದುರೇ ಹಿಡಿಯುತ್ತಾರೆ. ಕಚೇರಿಗಳು ಅವರನ್ನು ಮೂಲೆಗೆ ತಳ್ಳುತ್ತವೆ, ಬೀಳ್ಕೊಡುವಾಗ ಎರಡು ಒಳ್ಳೆಯ ಮಾತನ್ನೂ ಆಡುವುದಿಲ್ಲ. ತಳ್ಳಲಿ ಬಿಡಿ! ಅಂಥವರು ಒಬ್ಬರಾದರೂ ಇರುವ ಊರಿನಲ್ಲಿ ಮಾತ್ರ ತಾಯಂದಿರು ಕಣ್ಣುಮುಚ್ಚಿ ಮಕ್ಕಳ ಕೈಗೆ ನೀರಿನ ಲೋಟ ಕೊಡಬಹುದು.