ಕರಗಿ ಮತ್ತೆ ಹೆಪ್ಪುಗಟ್ಟಿದ್ದು

ಕಣ್ಣಿಡುವ ಗಾಜಿಗೆ ಮತ್ತೆ ಕಾಡಿಗೆ ಮೆತ್ತಿದೆ, ಯಾರದೆಂದು ಕೇಳಬೇಕೇ, ಉಳಿತಾಯದ್ದೇ, ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಅವಳು ಉಳಿತಾಯ, ಕೈಗವಸು ತೊಳೆದು ಒಣಹಾಕುವವಳು, ಒರೆಸಿದ ಕಾಗದವನ್ನು ಮಡಚಿ ಇನ್ನೊಂದು ಮಗ್ಗುಲಲ್ಲಿ ಒರೆಸುವವಳು, ಮೈಕ್ರೊಸ್ಕೋಪ್ ಒರೆಸಲು ಮಾತ್ರ ಅವಳಿಗೆ ಕೈ ಬರುವುದಿಲ್ಲ — ನಾನೇ ಒರೆಸಿದೆ, ಈಗ ಕಾಣುತ್ತಿವೆ, ಕಪ್ಪಿನ ಮೇಲೆ ಕೆಂಪು ಎಳೆಗಳು, ಚೆನ್ನಾಗಿಯೇ ಇವೆ, ಒಂದೂ ಮಿಸುಕುತ್ತಿಲ್ಲ. ಕೆಳಗಿನ ಗಾಜಿಗೆ ಅಂಟಿಸಿರುವುದು ಮನುಷ್ಯರ ಮೋಟಾರ್ ಪ್ರೋಟೀನು, ನರದೊಳಗೆ ಬೆನ್ನಿನಿಂದ ಪಾದದವರೆಗೆ ಹೊರೆ ಹೊರುವ ಹಮಾಲಿ, ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾದ ಹೊಟ್ಟೆಗೆ ಸೇರಿಸಿ, ಬೆಳೆಸಿ, ಒಡೆದು, ಸೋಸಿ ನಾನೇ ತೆಗೆದದ್ದು, ಅದರ ಊಟ ಎಟಿಪಿ ಹಾಕಿದರೆ ಸಾಕು, ನರದೊಳಗೆ ತಾನು ನಡೆಯುವ ಹಳಿಗಳಾದ ಈ ಎಳೆಗಳನ್ನೇ ಕೈಯಿಂದ ಕೈಗೆ ದಾಟಿಸಬೇಕು, ಹೋದ ತಿಂಗಳು ದಾಟಿಸಿತ್ತು, ಇವತ್ತು ಊಟ ಬಡಿಸಿದರೂ ಏಳುತ್ತಿಲ್ಲ. ಫ್ರೀಜರ್ ಹತ್ತಿರ ಹೋಗಿ ಅವಳನ್ನು ಕೇಳಿದ್ದಾಯಿತು, ನನ್ನ ಟ್ಯೂಬ್ ಮುಟ್ಟಿದ್ಯಾ, ಹೂಂ ಕಣೇ, ಹೋದ ವಾರ ನಂಗೊಂಚೂರು ಬೇಕಿತ್ತು, ಅರ್ಧ ಉಳೀತು, ಸುಮ್ನೆ ಯಾಕೆ ದಂಡ ಅಂತ ವಾಪಸ್ ಇಟ್ಟೆ, ಮುಚ್ಚಳ ಭದ್ರವಾಗೇ ಹಾಕಿದೀನಿ ನೋಡು. ಭದ್ರವಾಗೇ! ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದರೆ ಇದು ಸತ್ತಂತೆ, ನೋಡಲು ತಿಳಿಯಾಗಿಯೇ ಇರುತ್ತದೆ, ಅಳೆದರೆ ಅಷ್ಟೇ ಇರುತ್ತದೆ, ನಡೆಯುವುದು ಮಾತ್ರ ಇಲ್ಲ, ನೆಟ್ಟಗಿರೋದ್ರಲ್ಲಿ ಅದೇ ಕೊನೇ ಟ್ಯೂಬು ಅಂದೆ, ಅಯ್ಯೋ, ಮೊದ್ಲೇ ಹೇಳ್ಬಾರ್ದಿತ್ತಾ, ಅಂತಾಳೆ, ಕೇಳದೆ ತೆಗೆಯುವವಳಿಗೆ ಮೊದಲೇ ಹೇಳಲು ನಾನೇನು ಕನಸು ಕಂಡಿದ್ದೆನೇ, ಅವಳ ಕತ್ತು ಹಿಸುಕಬೇಕು ಅನ್ನಿಸಿತು, ಹೋಗಲಿ ಬಿಡು ಅಂದು ಬಂದೆ, ಥೂ ನನ್ನ ಬಾಯಿಗೆ.

ಸರ್ ಮೀಟಿಂಗ್ ಮುಗಿಸಿ ಈಗ ಬರುತ್ತಾರೆ, ಎರಡನ್ನೂ ಅಕ್ಕಪಕ್ಕ ಓಡಿಸಿ ತೋರ್ಸು, ಇಲ್ಲಾಂದ್ರೆ ಇದನ್ನ ಇಲ್ಲಿಗೇ ಬಿಟ್ಬಿಡೋಣ, ಅಂದಿದ್ದಾರೆ, ಇದು ಅಂದರೆ ನನ್ನ ಅಕ್ಕ. ಎರಡನೇ ಟ್ಯೂಬಿನಲ್ಲಿರುವುದು ಅವಳದು, ಅದೇ ಪ್ರೋಟೀನು, ಜೀನಿನಲ್ಲಿ ಒಂದೇ ಒಂದು ಅಕ್ಷರ ಬೇರೆ, ಆ ಒಂದಕ್ಷರಕ್ಕೆ ಅವಳ ಕಾಲು ವರ್ಷವರ್ಷಕ್ಕೂ ಕೊರಡಾಗುತ್ತಿದೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಅವಳ ಪಾಲಿಗೆ ಬಂದದ್ದು ನನ್ನ ಪಾಲಿಗೆ ಬರಲಿಲ್ಲ, ಹಂಚಿದವಳು ನಾನೇ ಏನು, ಆದರೂ ನನ್ನನ್ನು ಹಾಗೆ ನೋಡುತ್ತಾಳೆ, ನಾನು ಮೆಟ್ಟಿಲು ಹತ್ತಿದರೆ ಸದ್ದು ಕೇಳುತ್ತಾ ಕೂರುತ್ತಾಳೆ, ಈ ಕೆಲಸ ಹಿಡಿದಿದ್ದೇನೆ ಅಂದಾಗ ಚಮಚ ಬಿಸಾಕಿದಳು, ನನ್ ಕಾಲೇನು ನಿನ್ ಓದಿಗೆ ಸರಕಾ. ವಾರಗಟ್ಟಲೆ ಮಾತಿಲ್ಲ, ಅಮ್ಮ ನಮ್ಮಿಬ್ಬರ ನಡುವೆ ಅಂಚೆಯವಳಾದಳು, ಆಮೇಲೆ ಒಂದು ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವಾಗ ಗೋಡೆ ಹಿಡಿದು ಬಂದು ನಿಂತಳು, ನಂದು ನಡೆಯುತ್ತಾ ಇಲ್ವಾ, ಅದೊಂದು ಹೇಳು ಸಾಕು. ನೋಡ್ಬೇಕು ಅಂದೆ. ನೋಡು ಅಂದಳು, ದೊಡ್ಡ ಉಪಕಾರ ಮಾಡುವವಳ ಹಾಗೆ.

ಬಾಗಿಲು, ಕಾರಿಡಾರಿನ ಬೆಳಕು, ಸರ್, ಬಗ್ಗಿ ನೋಡಿದರು, ಎಲ್ಲಿ ಓಡ್ತಿದೆಯಮ್ಮ, ಇಟ್ಟಲ್ಲೇ ಇದೆಯಲ್ಲ. ಅರ್ಧ ಬಳಸಿ ವಾಪಸ್ ಇಟ್ಟಿದಾರೆ ಸರ್. ಅದಕ್ಕೇ ಡಬ್ಬಿಗೆ ಹೆಸರು ಬರೀರಿ ಅಂತ ಹೇಳೋದು. ಬರೆದಿದೆ ಸರ್, ನಾಲ್ಕೂ ಕಡೆ ಬರೆದಿದೆ, ಓದಲು ಬರುವವರು ಬೇಕಲ್ಲ — ಇಷ್ಟು ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು, ಅಕ್ಕನ ಟ್ಯೂಬ್ ಕೈಗೆ ತೆಗೆದುಕೊಂಡೆ, ಇದನ್ನು ಯಾರೂ ಮುಟ್ಟಿಲ್ಲ, ಕುಂಟುವುದನ್ನು ಯಾರು ಕೇಳಿ ಪಡೆಯುತ್ತಾರೆ, ಯಾರು ಕದಿಯುತ್ತಾರೆ, ಹೊಸ ಗಾಜಿಗೆ ಬಿಟ್ಟೆ, ಎಳೆಗಳು, ಎಟಿಪಿ, ಕಾದೆ, ಅಗೋ, ಒಂದು ಸರಿಯಿತು, ಇನ್ನೊಂದು, ಸರ್ ನಡೀತಿದೆ, ನೋಡಿ ಸರ್, ನಡೀತಿದೆ! ಅವರು ನೋಡಿದರು, ನೋಡಲಿಲ್ಲ ಅನ್ನುವಂತಿಲ್ಲ, ಯಾವುದಕ್ಕೆ ಹೋಲಿಸಿ ಹೇಳ್ತೀಯಮ್ಮ, ನೆಟ್ಟಗಿರೋದೇ ನಡೀದೆ ಇರೋವಾಗ ಇದು ನಡೆದ್ರೆಷ್ಟು ಬಿಟ್ರೆಷ್ಟು, ಬಂದ್ ಮಾಡು, ನಾಳೆಯಿಂದ ಬೇರೆ ಕೆಲಸ ಕೊಡ್ತೀನಿ. ಹೋದರು, ಬಾಗಿಲನ್ನೂ ಸರಿಯಾಗಿ ಹಾಕಲಿಲ್ಲ. ಬಂದ್ ಮಾಡಬೇಕು, ಬೆರಳು ಸ್ವಿಚ್ಚಿನ ಮೇಲಿದೆ, ಒತ್ತುವುದಿಲ್ಲ, ಮಾಡುವುದಿಲ್ಲ ಹೋಗಿ, ಇಲ್ಲಿ ಒಂದು ಎಳೆ ಅರ್ಧ ದಾರಿ ಬಂದು ನಿಂತಿದೆ, ಹಿಂದಿನ ತುದಿ ಎಲ್ಲೋ ಸಿಕ್ಕಿಕೊಂಡಿದೆ, ಮುಂದಿನ ತುದಿ ಎಳೆಯುತ್ತಿದೆ, ಬಾಗುತ್ತದೆ, ಬಿಡಿಸಿಕೊಳ್ಳುತ್ತದೆ, ಇಲ್ಲ, ನಿಂತಿತು, ಮತ್ತೆ ಎಳೆಯುತ್ತಿದೆ, ನಿಂತಿತು, ಮುಂದಿನ ತುದಿ, ಎಳೆಯುತ್ತಿದೆ