ಕಾರಿನ ಒಡತಿ

"ಅಮ್ಮಾ, ಈಸ್ಟರ್ ಆದ್ಮೇಲೆ ನೀನು ಸ್ಟೇರಿಂಗೇ ಮುಟ್ಟಿಲ್ಲ. ಮತ್ತೆ ಈ ಕಾರು ಸೂಪರ್‌ಮಾರ್ಕೆಟ್‌ಗೆ ತಾನಾಗೇ ನಡ್ಕೊಂಡು ಹೋಯ್ತಾ?"

ರಸೆಲ್ ಪಾರ್ಕಿಂಗ್ ಕಂಪನಿ ಕಳಿಸಿದ್ದ ದಂಡದ ನೋಟಿಸನ್ನು ತಾಯಿ ಮೇವಿಸ್‌ಳ ಮುಂದೆ ಆಡಿಸಿದ. ಸಿಂಕಿನ ಬಳಿಯಿದ್ದ ಅವನ ಹೆಂಡತಿ ಲಿನೆಟ್ ತೊಳೆದ ಕಪ್ಪನ್ನೇ ಮತ್ತೆ ತೊಳೆಯತೊಡಗಿದಳು.

ಹೋದ ಚಳಿಗಾಲ ಮಂಜುಗಟ್ಟಿದ ರಸ್ತೆಯಲ್ಲಿ ಅವಳ ಕಾರು ಜಾರಿ ಗೋಡೆಗೆ ಬಡಿದಿತ್ತು. ಆಮೇಲೆ ರಸೆಲ್ ಅವಳಿಗೆ ಓಡಿಸಲು ಬಿಟ್ಟಿರಲಿಲ್ಲ. ಪ್ರೀತಿಯಿಂದಲೇ, ಆದರೆ ಬಿಟ್ಟಿರಲಿಲ್ಲ. ಅತ್ತೆ ಮಾತ್ರ ಒಂದು ಬೆಳಿಗ್ಗೆ ತನ್ನ ಹಳೇ ಕಾರಿನ ಕೀಲಿಕೈಯನ್ನು ಸದ್ದಿಲ್ಲದೆ ಅವಳ ಅಂಗೈಗಿಟ್ಟಿದ್ದಳು. ಲಿನೆಟ್ ತಮ್ಮೂರು ಹ್ಯಾಲಿಫ್ಯಾಕ್ಸಿನ ಕಡಿದಾದ ಇಳಿಜಾರು ದಾಟಿ ಸೂಪರ್‌ಮಾರ್ಕೆಟ್ ಮುಟ್ಟಿದಳು. ವಾಪಸು ಹೊರಡಲು ಧೈರ್ಯ ಬಾರದೆ, ಪುಕ್ಕಟೆ ನಿಲ್ಲಿಸಬಹುದಾದ ಹೊತ್ತು ಮೀರುವವರೆಗೂ ಕಾರಿನಲ್ಲೇ ಕೂತಿದ್ದಳು. ಕೊನೆಗೆ ತಾನೇ ಓಡಿಸಿಕೊಂಡು ಬಂದಳು. ಈಗ ಹೆಸರು ಹೊರಬಿದ್ದರೆ ಆ ಕೀಲಿಕೈಯೂ ಕೈತಪ್ಪುತ್ತದೆ.

"ಅಲ್ಲಿನ ಕ್ಯಾಮೆರಾಕ್ಕೆ ನಂಬರ್ ಪ್ಲೇಟ್ ಕಂಡಿದೆ, ಮುಖ ಕಂಡಿಲ್ಲ," ಎಂದ ರಸೆಲ್. "ಓಡಿಸಿದವರ ಹೆಸರು, ವಿಳಾಸ ಕೊಟ್ಬಿಟ್ರೆ ನಿನ್ನ ತಂಟೆಗೆ ಬರಲ್ಲ. ಇಲ್ದಿದ್ರೆ ಕಾರು ಯಾರ ಹೆಸರಲ್ಲಿದ್ಯೋ ಅವರ ತಲೆಗೇ ಕಟ್ತಾರೆ."

"ಕಟ್ಲಿ ಬಿಡು. ಕಾರೂ ನಂದು, ತಲೆನೂ ನಂದೇ." ಮೇವಿಸ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದಳು.

"ಪಕ್ಕದ್ಮನೆ ಕ್ಲೈವ್ ತಾನೇ? ನಿನ್ನ ಒಳ್ಳೇತನ ಕಂಡು ತಲೆ ಮೇಲೆ ಕೂತಿದಾನೆ. ಈಗ್ಲೇ ಹೋಗಿ ವಿಚಾರಿಸ್ಕೋತೀನಿ!"

"ಕೂತ್ಕೊಳೋ ಸುಮ್ನೆ. ಕೀಲಿಕೈ ಕೊಟ್ಟೋಳು ನಾನು. ಬೇರೆ ಹೆಸರು ನನ್ನ ಬಾಯಿಂದ ಬರಲ್ಲ."

ಮುದುಕಿಯ ಗತ್ತು ನೋಡಿ ಲಿನೆಟ್‌ಗೆ ಹೆಮ್ಮೆಯೆನಿಸಿತು, ನಾಚಿಕೆಯೂ ಆಯಿತು. ಇಂಥವಳ ಬೆನ್ನ ಹಿಂದೆ ಎಷ್ಟು ದಿನ ಅಡಗಿರುವುದು? ಕೈ ಒರೆಸಿಕೊಂಡು ತಿರುಗಿದಳು.

"ಕ್ಲೈವ್ ಅಲ್ಲ ರಸೆಲ್. ನಾನು."

ರಸೆಲ್ ಅವಳತ್ತ ತಿರುಗಿದ. "ನೀನಾ? ಆ ಇಳಿಜಾರಲ್ಲಿ? ಒಬ್ಳೇನಾ?"

"ಹೋಗೋವಾಗ್ಲೂ, ಬರೋವಾಗ್ಲೂ."

ಮೇವಿಸ್ ಅವನ ಕೈಯಿಂದ ನೋಟಿಸು ಕಿತ್ತುಕೊಂಡಳು. "ಗಂಡನಿಗೆ ಹೇಳೋದು ಬಿಡೋದು ಅವಳಿಷ್ಟ. ಆ ಕಂಪನಿಯೋರಿಗೆ ಮಾತ್ರ ನಾನು ಹೇಳಲ್ಲ, ದಂಡ ನಾನೇ ಕಟ್ತೀನಿ." ಮೊಣಕಾಲು ಹಿಡಿದುಕೊಂಡು ಎದ್ದಳು. "ಔಷಧಿ ಅಂಗಡಿಗೆ ಹೋಗ್ಬೇಕು. ಯಾರು ಕರ್ಕೊಂಡು ಹೋಗ್ತೀರಿ?"

ರಸೆಲ್‌ನ ಕೈ ಮೊಳೆಗೆ ತೂಗುಹಾಕಿದ್ದ ಕೀಲಿಕೈಯತ್ತ ಹೋಗಿ ಅರ್ಧಕ್ಕೇ ನಿಂತಿತು. ಲಿನೆಟ್ ಅದನ್ನು ತೆಗೆದುಕೊಂಡಳು.

ಮೇವಿಸ್ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಳು. ಆರಡಿ ಆಳು ರಸೆಲ್ ಮೊಣಕಾಲು ಗದ್ದಕ್ಕೆ ತಗಲುವಂತೆ ಮುದುಡಿಕೊಂಡು ಹಿಂದಿನ ಸೀಟಿಗೆ ತೂರಿ, ಬೆಲ್ಟ್ ಹಾಕಿಕೊಂಡ.